ಗೈರು ಬೇರೆ, ಸೊನ್ನೆ ಬೇರೆ

ಬೆಂಗಳೂರು

ಪ್ರೀತಿಯ ಚಿಕ್ಕಮ್ಮ,

"ಇದ್ದದ್ದನ್ನೇ ತಿರ್ಗ್ಸಿ ಬರೂದಾ ಮಾರಾಯಾ? ಹೊಸ್ತ್ ಎಂತದೂ ಮಾಡೂದಿಲ್ಯಾ?" ಎಂದು ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ನಾನು ಮಾಡುತ್ತಿರುವ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಆದರೆ ಅದು ಕೆಟ್ಟರೆ ಮೊದಲು ಗೊತ್ತಾಗುವುದು ನಿನ್ನಂಥವರಿಗೆ, ಪುಟವನ್ನು ಕಿವಿಯಿಂದ ಓದುವವರಿಗೆ. ಹಾಗಾಗಿ ಬೇರೆ ಯಾರಿಗೆ ತಿಳಿಯದಿದ್ದರೂ ನಿನಗೆ ತಿಳಿದಿರಬೇಕು. ಪತ್ರ ಸ್ವಲ್ಪ ಉದ್ದವಾಗುತ್ತದೆ. ನಿನ್ನ ಸ್ಕ್ರೀನ್ ರೀಡರ್ ಎನ್‌ವಿಡಿಎಗೆ ಓದಲು ಬಿಟ್ಟು ಜಗಲಿಯಲ್ಲಿ ಕೂತು ಕೇಳು. ಸಾಕೆನಿಸಿದಲ್ಲಿ ಕಂಟ್ರೋಲ್ ಕೀಲಿ ಒತ್ತಿ ನಿಲ್ಲಿಸು, ನಾಳೆ ಮುಂದುವರಿಸು.

ನೀನು ಹೇಳಿದ ಯಕ್ಷಗಾನ ಆಟದ ಪೋಸ್ಟರಿನಿಂದಲೇ ಶುರುಮಾಡುತ್ತೇನೆ. ಉಪ್ಪುಂದದ ಹತ್ತಿರ ಆಟ ಇದೆ ಎಂದು ಯಾರೋ ಹೇಳಿದರು, ಪ್ರಸಂಗ ಯಾವುದೆಂದು ತಿಳಿಯಲು ಪುಟ ತೆರೆದೆ, ಅಷ್ಟರಲ್ಲಿ ಅದು "ಐ ಎಂ ಜಿ" ಎಂದು ಶುರುಮಾಡಿ ಒಂದಿಷ್ಟು ಅಂಕಿ ಓದಿ ಸುಮ್ಮನಾಯಿತು ಎಂದೆಯಲ್ಲ. ಪ್ರಸಂಗದ ಹೆಸರು, ಭಾಗವತರು, ಜಾಗ, ಹೊತ್ತು ಎಲ್ಲವೂ ಆ ಪೋಸ್ಟರಿನಲ್ಲಿ ಇದ್ದಿರಲೇಬೇಕು. ಆದರೆ ಅದು ಚಿತ್ರ. ಚಿತ್ರದಲ್ಲಿ ಏನಿದೆ ಎಂದು ಮಾತಿನಲ್ಲಿ ಹೇಳಲು 'ಆಲ್ಟ್' ಎಂಬ ಒಂದು ಆಟ್ರಿಬ್ಯೂಟ್ ಇದೆ. ಪುಟ ಮಾಡಿದವರು ಅದನ್ನು ಬರೆದೇ ಇರಲಿಲ್ಲ. ಲಿಂಕಿನೊಳಗೆ ಇಟ್ಟ ಚಿತ್ರಕ್ಕೆ ಆಲ್ಟ್ ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಬಹಳ ಸಲ ಕಡತದ ಹೆಸರನ್ನೇ ಓದಿಬಿಡುತ್ತದೆ. ನಿನಗೆ ಕೇಳಿಸಿದ್ದು ಅದು.

ಈಗ ಇದಕ್ಕೆ ಅಂಟಿಕೊಂಡ ಇನ್ನೊಂದು ಸಂಗತಿ. ಪುಟದ ಅಂಚಿನಲ್ಲಿ ಚೆಂದಕ್ಕೆಂದು ಒಂದು ಹೂಬಳ್ಳಿ ಇರುತ್ತದೆ. ಅದನ್ನು ನಿನಗೆ ಓದಿ ಹೇಳುವ ಅಗತ್ಯವಿಲ್ಲ. ಆಗ ತಿಳಿದವರು ಆಲ್ಟ್ ಅನ್ನು ಬರೆದು, ಅದರೊಳಗೆ ಏನನ್ನೂ ಹಾಕದೆ ಖಾಲಿ ಬಿಡುತ್ತಾರೆ. "ಇದು ಅಲಂಕಾರ, ದಾಟಿಹೋಗು" ಎಂದು ಅದರ ಅರ್ಥ. ಸ್ಕ್ರೀನ್ ರೀಡರ್ ದಾಟಿಹೋಗುತ್ತದೆ. ಅಂದರೆ ಆಲ್ಟ್ ಇಲ್ಲದಿರುವುದು ಒಂದು, ಆಲ್ಟ್ ಇದ್ದು ಖಾಲಿ ಇರುವುದು ಇನ್ನೊಂದು, ಆಲ್ಟ್‌ನಲ್ಲಿ ಮಾತಿರುವುದು ಮತ್ತೊಂದು. ನೀನು ಕೋಟದ ಶಾಲೆಯಲ್ಲಿದ್ದಾಗ ಅಂಕಪಟ್ಟಿ ತುಂಬುತ್ತಿದ್ದದ್ದು ನನಗೆ ನೆನಪಿದೆ. ಪರೀಕ್ಷೆಗೆ ಬಂದು ಏನೂ ಬರೆಯದ ಹುಡುಗನಿಗೆ ಸೊನ್ನೆ, ಬಾರದ ಹುಡುಗನಿಗೆ ಗೈರು. ಎರಡಕ್ಕೂ ಸೊನ್ನೆ ಎಂದೇ ಬರೆದುಬಿಟ್ಟರೆ ಕೂಡಿಸುವ ಲೆಕ್ಕ ಎಲ್ಲೂ ತಪ್ಪುವುದಿಲ್ಲ, ಆದರೆ ಜ್ವರ ಬಂದು ಮಲಗಿದ್ದ ಹುಡುಗನಿಗೆ ಮರುಪರೀಕ್ಷೆ ಕೊಡಬೇಕೆಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಬ್ರೌಸರಿನ ಒಳಗೆ ಇಷ್ಟು ವರ್ಷ ನಡೆಯುತ್ತ ಬಂದ ಗೊಂದಲ ಸರಿಯಾಗಿ ಇದೇ. ಅದನ್ನು ಬಿಡಿಸುವುದೇ ನನ್ನ ಕೆಲಸದ ದೊಡ್ಡ ಪಾಲು.

ನಾನು ಕೈಹಾಕಿರುವುದು ಸರ್ವೋ ಎಂಬ ಬ್ರೌಸರ್ ಎಂಜಿನ್‌ಗೆ. ಬಂದ ಬೈಟುಗಳ ಸಾಲನ್ನು ಓದಿ ಇದು ತಲೆಬರಹ, ಇದು ಚಿತ್ರ, ಇದು ಅರ್ಜಿಯ ಖಾನೆ ಎಂದು ವಿಂಗಡಿಸುವ ಭಾಗಕ್ಕೆ ಎಂಜಿನ್ ಎನ್ನುತ್ತಾರೆ. ಸರ್ವೋವನ್ನು 2012ರಲ್ಲಿ ಮೊಜಿಲ್ಲಾದವರು ರಸ್ಟ್ ಭಾಷೆಯಲ್ಲಿ ಬರೆಯಲು ಶುರುಮಾಡಿದರು. 2020ರ ನವೆಂಬರಿನಲ್ಲಿ ಅದು ಲಿನಕ್ಸ್ ಫೌಂಡೇಶನ್ನಿಗೆ ಹೋಯಿತು, 2023ರಲ್ಲಿ ಲಿನಕ್ಸ್ ಫೌಂಡೇಶನ್ ಯುರೋಪ್‌ಗೆ. ಯಾರು ಬೇಕಾದರೂ ಸೇರಿ ಕೆಲಸ ಮಾಡಬಹುದಾದ ಮುಕ್ತ ತಂತ್ರಾಂಶ. "ನಾನು ಬಳಸುವುದು ಫೈರ್‌ಫಾಕ್ಸ್ ಅಲ್ದಾ" ಎಂದು ನೀನು ಕೇಳುತ್ತೀ. ಹೌದು. ಆದರೆ ಸರ್ವೋದಲ್ಲಿ ಬೆಳೆದ ಸ್ಟೈಲೋ ಎಂಬ ಭಾಗವನ್ನು 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57ರ ಒಳಗೆ ಸೇರಿಸಿದರು. ಪುಟದ ಯಾವ ಅಂಶಕ್ಕೆ ಯಾವ ಶೈಲಿ ಎಂದು ಆಟ್ರಿಬ್ಯೂಟುಗಳನ್ನು ನೋಡಿ ನಿರ್ಧರಿಸುವುದು ಅದೇ. ಉಪ್ಪುಂದದ ನಿನ್ನ ಮೇಜಿನ ಮೇಲೂ ಈ ಕೆಲಸದ ಒಂದು ತುಂಡು ದಿನಾ ಓಡುತ್ತಿದೆ.

ಗೈರು ಮತ್ತು ಸೊನ್ನೆ ಕಲಸಿಹೋದದ್ದು ಇವತ್ತು ನಿನ್ನೆಯ ಕತೆಯಲ್ಲ. 1998ರಲ್ಲಿ, ಪುಟದ ಅಂಶಗಳನ್ನು ಸ್ಕ್ರಿಪ್ಟಿಗೆ ತೋರಿಸುವ ಡಾಮ್ ಎಂಬ ವ್ಯವಸ್ಥೆಯ ಮೊದಲ ನಿಯಮಪುಸ್ತಕ ಬಂದಾಗ, ಆಟ್ರಿಬ್ಯೂಟ್ ಇಲ್ಲದಿದ್ದರೂ ಖಾಲಿ ಸ್ಟ್ರಿಂಗನ್ನೇ (ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲು) ಕೊಡಿ ಎಂದು ಅದರಲ್ಲಿ ಬರೆದಿತ್ತು. ಬ್ರೌಸರುಗಳು ಮಾತ್ರ ಇಲ್ಲ ಎನ್ನುವುದಕ್ಕೆ 'ನಲ್' ಎಂಬ ಬೇರೆಯೇ ಉತ್ತರ ಕೊಡುತ್ತಿದ್ದವು. ಕೊನೆಗೆ ನಿಯಮವೇ ಬದಲಾಯಿತು. ಇವತ್ತಿನ ಡಾಮ್ ನಿಯಮದ ಪ್ರಕಾರ ಇಲ್ಲದ ಆಟ್ರಿಬ್ಯೂಟಿಗೆ ಉತ್ತರ ನಲ್, ಖಾಲಿ ಇದ್ದದ್ದಕ್ಕೆ ಖಾಲಿ ಸ್ಟ್ರಿಂಗ್. ಆದರೆ ಹೊರಗೆ ಸರಿಯಾದ ಉತ್ತರ ಕೊಟ್ಟರೂ ಎಂಜಿನ್ನಿನ ಹೊಟ್ಟೆಯೊಳಗೆ ಎರಡೂ ಒಂದೇ ಬಗೆಯ ಸ್ಟ್ರಿಂಗಿನಲ್ಲಿ ಹರಿದಾಡುತ್ತಿದ್ದರೆ, ಎಲ್ಲೋ ಒಂದು ಕಡೆ ಯಾರೋ "ಖಾಲಿಯಾ?" ಎಂದು ಮಾತ್ರ ಕೇಳಿ ಮುಂದೆ ಹೋಗುತ್ತಾರೆ. ಅಲ್ಲಿ ಗೈರು ಸೊನ್ನೆಯಾಗುತ್ತದೆ.

ಲೇಡಿಬರ್ಡ್ ಎಂಬ ಇನ್ನೊಂದು ಹೊಸ ಬ್ರೌಸರಿನವರು ಇದನ್ನು ಬೇರು ಸಮೇತ ಕಿತ್ತ ರೀತಿ ನನಗೆ ಬಹಳ ಹಿಡಿಸಿತು. ಅವರ ಹಳೆಯ ಸ್ಟ್ರಿಂಗ್ ಟೈಪು ನಲ್ ಕೂಡ ಆಗಬಹುದಿತ್ತು. 2022ರ ಕೊನೆಗೆ ಅದಕ್ಕೆ 'ಡೆಪ್ರಿಕೇಟೆಡ್ ಸ್ಟ್ರಿಂಗ್' ಎಂದು ಹೆಸರಿಟ್ಟು ಪಕ್ಕಕ್ಕೆ ಸರಿಸಿ, ಎಂದೂ ನಲ್ ಆಗದ ಹೊಸ ಸ್ಟ್ರಿಂಗ್ ಮಾಡಿದರು. ಆಟ್ರಿಬ್ಯೂಟ್ ಕೇಳಿದರೆ ಸಿಗುವುದು 'ಇದ್ದರೆ ಸ್ಟ್ರಿಂಗ್, ಇಲ್ಲದಿದ್ದರೆ ಇಲ್ಲ' ಎಂಬ ಜೋಡಿ ಟೈಪು. ರಸ್ಟ್‌ನಲ್ಲಿ ಇದಕ್ಕೆ ಆಪ್ಷನ್ ಎನ್ನುತ್ತೇವೆ. ಇದರ ಗುಣ ಏನೆಂದರೆ, 'ಇಲ್ಲ' ಎಂದಾದರೆ ಏನು ಮಾಡಬೇಕೆಂದು ಬರೆಯದೆ ಒಳಗಿನ ಸ್ಟ್ರಿಂಗನ್ನು ಮುಟ್ಟಲು ಹೋದರೆ ಕಂಪೈಲರ್ ಒಪ್ಪುವುದೇ ಇಲ್ಲ. ಹಳೆಯ ಟೈಪನ್ನು ಒಂದು ಕಡೆ ಬದಲಿಸಿದೆ ಎಂದುಕೋ, ಅದನ್ನು ಬಳಸುತ್ತಿದ್ದ ಜಾಗಗಳೆಲ್ಲ ಒಟ್ಟಿಗೆ ಕೂಗಿಕೊಳ್ಳುತ್ತವೆ. ಒಂದೊಂದನ್ನೇ ತೆರೆದು, ಇಲ್ಲಿ ಇಲ್ಲದಿದ್ದರೆ ಏನು, ಖಾಲಿ ಇದ್ದರೆ ಏನು ಎಂದು ನಿಯಮಪುಸ್ತಕ ನೋಡಿ ತೀರ್ಮಾನಿಸಬೇಕು. ರಿಫ್ಯಾಕ್ಟರಿಂಗ್ ಎಂದರೆ ಇದು. ಹೊರಗಿನ ನಡವಳಿಕೆ ಕೂದಲಷ್ಟೂ ಬದಲಾಗಬಾರದು, ಒಳಗಿನ ಕಟ್ಟಡ ಮಾತ್ರ ಗಟ್ಟಿಯಾಗಬೇಕು. ಎಲ್ಲ ಎಂಜಿನ್ನಿನವರೂ ಹಂಚಿಕೊಂಡು ಬಳಸುವ ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ ಎಂಬ ಪರೀಕ್ಷೆಗಳ ರಾಶಿಯನ್ನು ಮೊದಲೂ ಓಡಿಸಿ, ಆಮೇಲೂ ಓಡಿಸಿ ತಾಳೆ ನೋಡುತ್ತೇವೆ.

'ಲ್ಯಾಂಗ್' ಎಂಬ ಆಟ್ರಿಬ್ಯೂಟಿನಲ್ಲಿ ಇದು ಇನ್ನೂ ಸೂಕ್ಷ್ಮ. ಪುಟದ ಭಾಷೆ ಯಾವುದೆಂದು ಹೇಳುವುದು ಅದು. ಕನ್ನಡಕ್ಕೆ 'ಕೆ ಎನ್'. ನಮ್ಮ ಕುಂದಾಪ್ರ ಕನ್ನಡಕ್ಕೆ ಬೇರೆ ಸಂಕೇತವಿಲ್ಲ, ಅದೂ ಕೆ ಎನ್‌ನಲ್ಲೇ ಸೇರುತ್ತದೆ. ಇದನ್ನು ನೋಡಿಯೇ ನಿನ್ನ ಎನ್‌ವಿಡಿಎ ಕನ್ನಡದ ದನಿಗೆ ಹೊರಳುವುದು. ಒಂದು ಪ್ಯಾರಾಕ್ಕೆ ಲ್ಯಾಂಗ್ ಇಲ್ಲದಿದ್ದರೆ ಅದು ತನ್ನ ಹೊರಗಿನ ಅಂಶದ ಭಾಷೆಯನ್ನೇ ಪಡೆಯುತ್ತದೆ. ಪುಟವೆಲ್ಲ ಕನ್ನಡವಾದರೆ ಅದೂ ಕನ್ನಡ. ಆದರೆ ಲ್ಯಾಂಗ್ ಅನ್ನು ಬರೆದು ಖಾಲಿ ಬಿಟ್ಟರೆ "ಇದರ ಭಾಷೆ ಯಾವುದೆಂದು ಗೊತ್ತಿಲ್ಲ" ಎಂದು ಅರ್ಥ, ಆಗ ಹೊರಗಿನ ಕನ್ನಡ ಒಳಗೆ ಬರಬಾರದು. ಇವೆರಡನ್ನೂ ಒಂದೇ ಎಂದುಕೊಂಡ ಎಂಜಿನ್, ಒಂದೋ ಗೊತ್ತಿಲ್ಲದ ಭಾಷೆಯನ್ನು ಕನ್ನಡ ಎಂದು ಹೇಳುತ್ತದೆ, ಇಲ್ಲವೇ ಅಪ್ಪಟ ಕನ್ನಡದ ಪ್ಯಾರಾವನ್ನು ಅನಾಥ ಮಾಡುತ್ತದೆ. ಕಣ್ಣಲ್ಲಿ ಓದುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ತಪ್ಪು ಹಿಡಿಯಲು ಕಿವಿಯೇ ಬೇಕು.

ಇನ್ನು ಸ್ಟ್ರಿಂಗಿನ ಮಾತಿಗೆ ಬರುತ್ತೇನೆ. ನನಗೆ ಅತ್ಯಂತ ಪ್ರೀತಿಯ ಭಾಗ ಇದು, ಯಾಕೆಂದರೆ ಇಲ್ಲಿ ಕನ್ನಡ ನೇರವಾಗಿ ಬರುತ್ತದೆ. 'ಕುಂದಾಪುರ' ಎಂಬುದನ್ನು ನೀನು ನಾಲ್ಕಕ್ಷರ ಎನ್ನುತ್ತೀ. ಯೂನಿಕೋಡಿಗೆ ಅದು ಎಂಟು: ಕ, ಉಕಾರದ ಚಿಹ್ನೆ, ಅನುಸ್ವಾರ, ದ, ದೀರ್ಘ, ಪ, ಮತ್ತೆ ಉಕಾರ, ರ. ಯುಟಿಎಫ್-8 ಎಂಬ ಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 24. ಯುಟಿಎಫ್-16ರಲ್ಲಿ ಒಂದೊಂದಕ್ಕೆ 2, ಒಟ್ಟು 16. ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಂಬತ್ತೇ ಬೈಟು. ವೆಬ್‌ಕಿಟ್, ಬ್ಲಿಂಕ್ ಎಂಜಿನ್ನುಗಳು ಸ್ಟ್ರಿಂಗಿನಲ್ಲಿ ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರಗಳಷ್ಟೇ ಇದ್ದರೆ ತಲೆಗೆ ಒಂದು ಬೈಟಿನಂತೆ ಇಡುತ್ತವೆ. ಒಂದೇ ಒಂದು ಕನ್ನಡದ ಅಕ್ಷರ ಸೇರಿದರೂ ಇಡೀ ಸ್ಟ್ರಿಂಗ್ ತಲೆಗೆ ಎರಡು ಬೈಟಿನದಾಗುತ್ತದೆ. ಫೈರ್‌ಫಾಕ್ಸಿನ ಜಾವಾಸ್ಕ್ರಿಪ್ಟ್ ಯಂತ್ರ ಸ್ಪೈಡರ್‌ಮಂಕಿಯೂ 2014ರಲ್ಲಿ, 33ನೇ ಆವೃತ್ತಿಯಿಂದ, ಇದೇ ದಾರಿ ಹಿಡಿಯಿತು. ಜಾಗ ಉಳಿಸಲು ಇದು ಸರಿಯಾದ ಉಪಾಯವೇ. ಆದರೆ ಇದರಿಂದ ಇಂಥ ಪ್ರತಿ ಎಂಜಿನ್ನಿನಲ್ಲೂ ಎರಡು ದಾರಿಗಳಾದವು. ಒಂದು ಸದಾ ಓಡಾಟವಿರುವ ಹೆದ್ದಾರಿ, ಇನ್ನೊಂದು ಕಡಿಮೆ ಜನ ತುಳಿಯುವುದು. ಕನ್ನಡ ಹೋಗುವುದು ಎರಡನೆಯದರಲ್ಲಿ. ಅಲ್ಲಿ ಹೊಂಡ ಬಿದ್ದರೆ ಬೇಗ ಯಾರಿಗೂ ಗೊತ್ತಾಗುವುದಿಲ್ಲ.

ಸರ್ವೋದಲ್ಲಿ ಇನ್ನೊಂದು ತೊಡಕು ಇದೆ. ರಸ್ಟ್‌ನ ಸ್ಟ್ರಿಂಗ್ ಯುಟಿಎಫ್-8, ಅದರ ಜೊತೆಗಿರುವ ಸ್ಪೈಡರ್‌ಮಂಕಿಯದು ಬೇರೆ ಲೆಕ್ಕ. ಪುಟದ ಸ್ಕ್ರಿಪ್ಟು ಒಂದು ಆಟ್ರಿಬ್ಯೂಟನ್ನು ಕೇಳಿದಾಗ, ಬದಲಿಸಿದಾಗ, ಸ್ಟ್ರಿಂಗ್ ಈ ಕಡೆಯಿಂದ ಆ ಕಡೆಗೆ ದಾಟುತ್ತದೆ, ಪ್ರತಿ ಸಲವೂ ರೂಪ ಬದಲಿಸಿಕೊಂಡು. ಬರೀ ದಾಟಿಸಿ ವಾಪಸ್ ಕೊಡುವ ಸ್ಟ್ರಿಂಗನ್ನು ಯಾಕೆ ಬದಲಿಸಬೇಕು? ಬಂದ ರೂಪದಲ್ಲೇ ಇಟ್ಟುಕೊಂಡು, ಒಳಗಿನ ಅಕ್ಷರಗಳನ್ನು ನಿಜವಾಗಿ ನೋಡಬೇಕಾದಾಗ ಮಾತ್ರ ಬದಲಿಸಿದರೆ ಸಾಕು. ಕೇಳಲು ಎರಡು ಸಾಲಿನ ಮಾತು. ಮಾಡಲು ಹೋದರೆ ಡಾಮ್‌ನ ಉದ್ದಗಲಕ್ಕೂ ಸ್ಟ್ರಿಂಗ್ ಬಳಸಿದ ಜಾಗಗಳನ್ನೆಲ್ಲ ಮುಟ್ಟಬೇಕು. ನೀನು ಕೇಳಿದ 'ತಿರ್ಗ್ಸಿ ಬರೂದು' ಅದೇ.

ಪದೇ ಪದೇ ಬರುವ ಹೆಸರುಗಳಿಗೆ ಆಟಮ್ ಎಂಬ ಬೇರೆ ಟೈಪು ಇದೆ. ಒಂದು ಹೆಸರನ್ನು ಒಂದೇ ಕಡೆ ಇಟ್ಟು, ಹೋಲಿಸುವಾಗ ಅಕ್ಷರ ಅಕ್ಷರ ನೋಡದೆ ಒಂದು ಸಂಖ್ಯೆಯನ್ನು ಮಾತ್ರ ನೋಡುವುದು. ಏಳು ಬೈಟಿನೊಳಗಿನ ಹೆಸರಾದರೆ ಆ ಸಂಖ್ಯೆಯೊಳಗೇ ಹಿಡಿಸುತ್ತದೆ. ಇಂಗ್ಲಿಷಿನಲ್ಲಿ ಬರೆದ ಕೋಟ ನಾಲ್ಕೇ ಬೈಟು, ಹಿಡಿಸುತ್ತದೆ. ಕನ್ನಡದ 'ಕೋಟ' ಒಂಬತ್ತು ಬೈಟು, ಅದನ್ನು ಹೊರಗಿನ ಪಟ್ಟಿಯಲ್ಲಿ ಇಡಬೇಕು. ಇದು ದೋಷವಲ್ಲ, ಎರಡೂ ಸರಿಯಾಗಿಯೇ ಕೆಲಸ ಮಾಡುತ್ತವೆ. ಆದರೆ ಚಿಕ್ಕ ಇಂಗ್ಲಿಷ್ ಹೆಸರುಗಳಿಂದ ಮಾತ್ರ ಟೆಸ್ಟ್ ಬರೆದವರು ಹೊರಗಿನ ಪಟ್ಟಿಯ ದಾರಿಯನ್ನು ಪರೀಕ್ಷಿಸಿರುವುದೇ ಇಲ್ಲ.

ಅರ್ಜಿಯ ಖಾನೆಯ ವಿಷಯ ಕೇಳು, ಇದು ನಿನಗೆ ಸಿಟ್ಟು ಬರಿಸುವಂಥದ್ದು. ಖಾನೆಯಲ್ಲಿ ಎಷ್ಟು ಅಕ್ಷರ ಬರೆಯಬಹುದು ಎಂದು 'ಮ್ಯಾಕ್ಸ್‌ಲೆಂತ್' ಹೇಳುತ್ತದೆ. ನಿಯಮದ ಪ್ರಕಾರ ಎಣಿಸಬೇಕಾದದ್ದು ಯುಟಿಎಫ್-16ರ ತುಣುಕುಗಳನ್ನು. ಮಿತಿ 20 ಇದ್ದರೆ 'ಬ್ರಹ್ಮಾವರ' ಸುಲಭವಾಗಿ ಹಿಡಿಸುತ್ತದೆ, ಕಿವಿಗೆ ನಾಲ್ಕಕ್ಷರವಾದರೂ ಅದರಲ್ಲಿ ಒತ್ತು ಚಿಹ್ನೆ ಎಲ್ಲ ಸೇರಿ ಒಂಬತ್ತು ತುಣುಕು. ಆದರೆ ಯುಟಿಎಫ್-8ರ ಎಂಜಿನ್ನಿನಲ್ಲಿ ಯಾರೋ ಅವಸರದಲ್ಲಿ ಸ್ಟ್ರಿಂಗಿನ ಉದ್ದ ಕೇಳಿದರೆ ಬರುವ ಉತ್ತರ 27. ಆಗ ನೀನು ಊರಿನ ಹೆಸರು ಮುಗಿಸುವ ಮೊದಲೇ ಖಾನೆ ಬಾಯಿ ಮುಚ್ಚುತ್ತದೆ. ಇಂಗ್ಲಿಷಿನಲ್ಲಿ ಬೈಟೂ ತುಣುಕೂ ಒಂದೇ ಆದ್ದರಿಂದ ಅಲ್ಲಿ ಈ ತಪ್ಪು ಎಂದೂ ಹೊರಗೆ ಬರುವುದಿಲ್ಲ. ನನ್ನ ಪಟ್ಟು ಇಷ್ಟೇ: ಸ್ಟ್ರಿಂಗ್ ಟೈಪಿಗೆ ಬರೀ 'ಉದ್ದ' ಎಂಬ ಪ್ರಶ್ನೆ ಕೇಳಲು ಬಿಡಲೇಬಾರದು. ಯಾವ ಉದ್ದ, ಬೈಟಿನದೋ ತುಣುಕಿನದೋ, ಹೇಳಿಯೇ ಕೇಳಬೇಕು. ಇನ್ನೂ ಕೆಟ್ಟದ್ದು ಎಂದರೆ ಸ್ಟ್ರಿಂಗನ್ನು ಬೈಟು ಎಣಿಸಿ ಕತ್ತರಿಸುವುದು. ಕನ್ನಡದ ಅಕ್ಷರದ ಮೂರು ಬೈಟುಗಳ ನಡುವೆ ಕತ್ತರಿ ಬಿದ್ದರೆ ರಸ್ಟ್‌ನ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ.

ಮ್ಯಾಕ್ಸ್‌ಲೆಂತ್‌ನಲ್ಲೇ ಇನ್ನೊಂದು. ಸಂಖ್ಯೆಯೂ ಪುಟದಲ್ಲಿ ಬರುವುದು ಸ್ಟ್ರಿಂಗಾಗಿಯೇ. ಯಾರಾದರೂ ಅಲ್ಲಿ ಕನ್ನಡ ಅಂಕಿಯಲ್ಲಿ '೨೦' ಎಂದು ಬರೆದರೆ? ಎಚ್‌ಟಿಎಂಎಲ್ ನಿಯಮ 0ಯಿಂದ 9ರವರೆಗಿನ ಅಂಕಿಗಳನ್ನು ಮಾತ್ರ ಒಪ್ಪುತ್ತದೆ, ಹಾಗಾಗಿ ಮಿತಿಯೇ ಇಲ್ಲದಂತಾಗುತ್ತದೆ. ನೀನು ಮಕ್ಕಳಿಗೆ ಕನ್ನಡ ಅಂಕಿ ತಿದ್ದಿಸಿದವಳು, ನಿನಗೆ ಬೇಸರವಾಗಬಹುದು. ನನಗೂ ಆಗುತ್ತದೆ. ಆದರೂ ಎಲ್ಲ ಎಂಜಿನ್ನುಗಳೂ ಒಂದೇ ರೀತಿ ನಡೆಯುವುದು ಮುಖ್ಯ. ನಾನು ಬಿಟ್ಟುಕೊಡದ ಸಂಗತಿ ಬೇರೆ: ಅಲ್ಲಿ ಏನು ಬರೆದಿದೆ ಎಂದು ಯಾರಾದರೂ ಕೇಳಿದರೆ '೨೦' ಎಂದೇ ಹೇಳಬೇಕು. ಅದನ್ನು ಸಂಖ್ಯೆ ಮಾಡಲು ಹೋಗಿ ಮೂಲ ಬರಹ ಕಳೆದುಕೊಳ್ಳಬಾರದು. ಅದಕ್ಕೇ ಸರ್ವೋದಲ್ಲಿ ಇಂಥ ಆಟ್ರಿಬ್ಯೂಟುಗಳನ್ನು ಇಡುವಾಗ ಲೆಕ್ಕಕ್ಕೆ ಬೇಕಾದ ಸಂಖ್ಯೆ ಮತ್ತು ಬರೆದವರು ಬರೆದ ಸ್ಟ್ರಿಂಗ್ ಎರಡನ್ನೂ ಜೊತೆಯಾಗಿ ಇಡುತ್ತಾರೆ.

ನಮ್ಮ ಕನ್ನಡದ ಪುಟಗಳು ಆಟ್ರಿಬ್ಯೂಟನ್ನೇ ನಂಬಿ ಬದುಕಿದ್ದ ಕಾಲವೊಂದಿತ್ತು, ಚಿಕ್ಕಮ್ಮ. 1996ರಲ್ಲಿ ಯು.ಬಿ. ಪವನಜ ಅವರು ವಿಶ್ವಕನ್ನಡ ಎಂಬ ಜಾಲಪತ್ರಿಕೆ ಶುರುಮಾಡಿದಾಗ ಕಂಪ್ಯೂಟರುಗಳಲ್ಲಿ ಯೂನಿಕೋಡ್ ಕನ್ನಡ ಬಳಕೆಗೆ ಬಂದಿರಲಿಲ್ಲ. ವಿಂಡೋಸಿನಲ್ಲಿ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನ ಜೊತೆ. ಅಲ್ಲಿಯವರೆಗೆ, ಆಮೇಲೂ ಬಹಳ ವರ್ಷ, ಪುಟದಲ್ಲಿ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಟ್ರಿಂಗ್. 'ಫೇಸ್' ಎಂಬ ಆಟ್ರಿಬ್ಯೂಟಿನಲ್ಲಿ ಕನ್ನಡ ಫಾಂಟಿನ ಹೆಸರು ಹಾಕಿದರೆ ಅದೇ ಸ್ಟ್ರಿಂಗ್ ಕನ್ನಡವಾಗಿ ಕಾಣುತ್ತಿತ್ತು. ಕಾಣುತ್ತಿತ್ತು, ಅಷ್ಟೇ. ಆ ಫಾಂಟ್ ಇಲ್ಲದಿದ್ದರೆ ಕನ್ನಡ ಮಾಯ. ನೀನು ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿಟ್ಟ ಪ್ರಶ್ನೆಪತ್ರಿಕೆಗಳನ್ನು ಈಗ ಎನ್‌ವಿಡಿಎ ಅರ್ಥವಿಲ್ಲದ ಇಂಗ್ಲಿಷ್ ಚೂರುಗಳಾಗಿ ಓದುವುದು ಇದೇ ಕಾರಣಕ್ಕೆ. ಅವುಗಳ ಒಳಗೆ ಕನ್ನಡ ಎಂದೂ ಇರಲಿಲ್ಲ, ಕನ್ನಡದ ಚಿತ್ರವಿತ್ತು. ಆ ಕಡತಗಳನ್ನು ನನಗೆ ಕಳಿಸು, ಪರಿವರ್ತಕದಲ್ಲಿ ಹಾಕಿ, ತಪ್ಪಿದ ಒತ್ತಕ್ಷರಗಳನ್ನು ನಾನೇ ಕೂತು ತಿದ್ದಿ ಯೂನಿಕೋಡಿಗೆ ತಂದುಕೊಡುತ್ತೇನೆ. ಕಣ್ಣಿಗೆ ಸರಿ ಕಂಡರೆ ಸಾಕು ಎಂಬ ಯೋಚನೆ ಎಷ್ಟು ಜನರನ್ನು ಹೊರಗಿಡುತ್ತದೆ ಎಂದು ನನಗೆ ಗೊತ್ತಾದದ್ದು ನಿನಗೆ ಗ್ಲಾಕೋಮಾ ಬಂದ ಮೇಲೆ. ಸ್ಟ್ರಿಂಗಿನ ಒಳಗೆ ಅಕ್ಷರವೇ ಇರಬೇಕು, ಆಟ್ರಿಬ್ಯೂಟು ಅದರ ಬಗ್ಗೆ ನಿಜ ಹೇಳಬೇಕು.

ಯೂನಿಕೋಡ್ ಬಂದ ಮೇಲೆ ಎಲ್ಲವೂ ಸಲೀಸಾಯಿತು ಎಂದಲ್ಲ. 'ಕೋಟ' ಎಂಬುದನ್ನು ಕ, ಓಕಾರದ ಚಿಹ್ನೆ, ಟ ಎಂದು ಮೂರು ಸಂಕೇತಗಳಲ್ಲಿ ಬರೆಯಬಹುದು. ಓಕಾರವನ್ನು ಅದರ ಮೂರು ಭಾಗಗಳಾಗಿ ಬಿಡಿಸಿ ಒಟ್ಟು ಐದರಲ್ಲೂ ಬರೆಯಬಹುದು. 'ಬೈಂದೂರು' ಎಂಬುದರ ಐಕಾರಕ್ಕೂ ಇದೇ ಕತೆ. ಕಣ್ಣಿಗೆ ಎರಡೂ ಒಂದೇ, ಕಿವಿಗೂ ಬಹುಮಟ್ಟಿಗೆ ಒಂದೇ. ಆದರೆ ಪುಟದ ಒಂದು ಭಾಗಕ್ಕೆ ಒಂದು ರೀತಿಯಲ್ಲಿ ಹೆಸರಿಟ್ಟು, ಲಿಂಕಿನಲ್ಲಿ ಇನ್ನೊಂದು ರೀತಿ ಬರೆದರೆ ಲಿಂಕ್ ಒತ್ತಿದಾಗ ಎಲ್ಲಿಗೂ ಹೋಗುವುದಿಲ್ಲ. ಎಂಜಿನ್ ಇವನ್ನು ತಾನಾಗಿ ಒಂದು ಮಾಡಬಾರದೇ ಎಂದು ಕೇಳುವವರಿದ್ದಾರೆ. ಬಾರದು ಎನ್ನುವವನು ನಾನು. ಸಿಎಸ್ಎಸ್ ಸೆಲೆಕ್ಟರ್‌ಗಳ ನಿಯಮವೂ ಸಂಕೇತಕ್ಕೆ ಸಂಕೇತ ಹೋಲಿಸುತ್ತದೆ, ಒಂದು ಮಾಡುವುದಿಲ್ಲ. ಬರೆದವರ ಸ್ಟ್ರಿಂಗನ್ನು ಎಂಜಿನ್ ಮುಟ್ಟಲು ಶುರುಮಾಡಿದರೆ, ಕೊಟ್ಟದ್ದೊಂದು ವಾಪಸ್ ಬಂದದ್ದೊಂದು ಎಂದಾಗುತ್ತದೆ. ಒಂದೇ ಕ್ರಮದಲ್ಲಿ ಬರೆಯುವ ಜವಾಬ್ದಾರಿ ಕೀಲಿಮಣೆ ಮಾಡುವವರದು, ಪುಟ ಕಟ್ಟುವವರದು.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನನ್ನ ಮುಂದಿನ ಪ್ಯಾಚಿಗೆ ಟೆಸ್ಟುಗಳು ಬೇಕು, ಅವುಗಳಲ್ಲಿ ನಮ್ಮ ಕಡೆಯ ಹೆಸರುಗಳೇ ಇರಬೇಕೆಂದು ನನ್ನ ಆಸೆ. ಒತ್ತಕ್ಷರ, ದೀರ್ಘ, ಐಕಾರ ಎಲ್ಲ ಬರುವಂಥವು: ಕಿರಿಮಂಜೇಶ್ವರ, ಶಂಕರನಾರಾಯಣ, ಸಾಲಿಗ್ರಾಮ, ಬಾರಕೂರು, ಅಮಾಸೆಬೈಲು, ಕೊಲ್ಲೂರು. ನಿನಗೆ ಹೊಳೆದ ಇನ್ನೊಂದಿಷ್ಟು ಸೇರಿಸು. ಜೊತೆಗೆ, ಓದುವಾಗ ಎಲ್ಲಿ ಕಡತದ ಹೆಸರು ಬಂತು, ಎಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ದನಿಗೆ ಹೊರಳಿತು, ಯಾವ ಖಾನೆ ಹೆಸರು ಮುಗಿಯುವ ಮೊದಲೇ ನಿಂತಿತು, ಆ ಪುಟಗಳ ವಿಳಾಸ ಬರೆದು ಕಳಿಸು. ಎಲ್ಲವೂ ಎಂಜಿನ್ನಿನ ತಪ್ಪಾಗಿರುವುದಿಲ್ಲ, ಹೆಚ್ಚಿನವು ಪುಟ ಮಾಡಿದವರದೇ ಇರುತ್ತವೆ, ಅವರಿಗೂ ನಾನು ಬರೆಯುತ್ತೇನೆ. ಆಟದ ಪೋಸ್ಟರ್ ಹಾಕಿದವರಿಗೆ ಆಗಲೇ ಬರೆದಾಗಿದೆ: ಪ್ರಸಂಗ, ಜಾಗ, ಹೊತ್ತು ಇಷ್ಟನ್ನು ಆಲ್ಟ್‌ನಲ್ಲಿ ಹಾಕಿ, ನನ್ನ ಚಿಕ್ಕಮ್ಮ ಓದುತ್ತಾರೆ ಎಂದು.

ಪಟ್ಟಿಯನ್ನು ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲೇ ಟೈಪು ಮಾಡು, ನಿನ್ನ ಬೆರಳಿಗೆ ಅದೇ ಒಗ್ಗಿದೆ. ಯೂನಿಕೋಡ್ ಆಯ್ಕೆಯಾಗಿದೆಯೇ ಎಂದು ಮಾತ್ರ ಮೊದಲು ನೋಡಿಕೋ. ಚಿಕ್ಕಪ್ಪನಿಗೆ ನಮಸ್ಕಾರ ತಿಳಿಸು. ಅಮ್ಮ ಮುಂದಿನ ವಾರ ಕುಂದಾಪುರದಿಂದ ನಿನ್ನಲ್ಲಿಗೆ ಬರುತ್ತಾಳಂತೆ, ಹಳೆಯ ಪ್ರಶ್ನೆಪತ್ರಿಕೆಗಳ ಪೆನ್‌ಡ್ರೈವನ್ನು ಅವಳ ಕೈಯಲ್ಲೇ ಕೊಟ್ಟು ಕಳಿಸು.

ನಿನ್ನ ಮಗ